ಅಮ್ಮನಿಗೆ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಬಹುದಾ? ನನ್ನ ಅನುಭವ

ಅಮ್ಮನಿಗೆ 61 ವರ್ಷ, ಹಿಯರಿಂಗ್ ಏಡ್ ಹಾಕಿದರೂ ಮಾತು ತಿಳಿಯುತ್ತಿಲ್ಲ, ಈ ವಯಸ್ಸಿನಲ್ಲಿ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಗಿವಿಯಲ್ಲಿ ಕೂರಿಸುವ, ಕೇಳಿಸುವ ಸಾಧನ) ಮಾಡಿಸಿದರೆ ಉಪಯೋಗ ಆಗುತ್ತಾ ಅಂತ ಕೇಳಿದ್ದೀರಿ. ನಾನು 54ನೇ ವಯಸ್ಸಿನಲ್ಲಿ ಬಲಗಿವಿಗೆ ಮಾಡಿಸಿಕೊಂಡೆ, ನಾಲ್ಕು ವರ್ಷ ಆಯಿತು. ವಯಸ್ಸಿನ ಚಿಂತೆ ಬಿಡಿ, 80 ದಾಟಿದವರೂ ಮಾಡಿಸಿಕೊಳ್ಳುತ್ತಾರೆ. ಕಿವಿ ಎಷ್ಟು ವರ್ಷದಿಂದ ಕೇಳದೆ ಇದೆ ಅನ್ನೋದು ಅದಕ್ಕಿಂತ ಮುಖ್ಯ. ನಾನು ಹೆದರಿಕೊಂಡು ಸುಮ್ನೆ ಆರು ವರ್ಷ ಕಳೆದೆ, ಆ ಬೇಜಾರು ಇನ್ನೂ ಇದೆ.

ಎಲ್ಲರಿಗೂ ಆಪರೇಷನ್ನದೇ ಭಯ. ನನಗೆ ಒಂದು ವಾರ ತಲೆಸುತ್ತು ಇತ್ತು, ನಾಲಿಗೆ ರುಚಿ ಕೆಟ್ಟಿತ್ತು, ಅಷ್ಟೇ. ಕಷ್ಟ ಆಮೇಲಿನದು. ಗಾಯ ಮಾಗಿ ಮೂರು ವಾರಕ್ಕೆ ಹೊರಗಿನ ಪ್ರೊಸೆಸರ್ (ಸದ್ದು ಹಿಡಿದು ಒಳಗಿನ ಇಂಪ್ಲಾಂಟ್‌ಗೆ ಕಳಿಸುವ ಯಂತ್ರ) ಆನ್ ಮಾಡಿದರು. ಮಗಳು "ಅಮ್ಮಾ" ಅಂದಳು. ನನಗೆ ಕೇಳಿದ್ದು ಬರೀ ಕೀಂಕೀಂ ಸದ್ದು. ಮನೆಗೆ ಬಂದು ಅತ್ತುಬಿಟ್ಟೆ. ಇದು ಹಿಯರಿಂಗ್ ಏಡ್ ಥರ ಸದ್ದನ್ನು ದೊಡ್ಡದು ಮಾಡೋದಲ್ಲ, ಒಳಗಿವಿಯ ಹಾಳಾದ ಭಾಗ ಬಿಟ್ಟು ನೇರ ನರಕ್ಕೇ ಸಣ್ಣ ಕರೆಂಟ್ ಕೊಡುತ್ತದೆ, ಅದನ್ನ ಮಾತು ಅಂತ ಗುರುತಿಸೋದನ್ನು ಮಿದುಳು ಹೊಸದಾಗಿ ಕಲಿಯಬೇಕು.

ಅದರ ಅಭ್ಯಾಸಕ್ಕೆ ನಮ್ಮನೆಯವರು ದಿನಾ ಸಂಜೆ ಪೇಪರ್ ಬಾಯಿಗೆ ಅಡ್ಡ ಹಿಡಿದು (ತುಟಿ ನೋಡಿ ಊಹಿಸಬಾರದು ಅಲ್ವಾ) ಒಂದು ಸುದ್ದಿ ಓದುತ್ತಿದ್ದರು. ನಾನು ಇನ್ನೊಂದು ಪ್ರತಿ ಇಟ್ಟುಕೊಂಡು ಸಾಲಿನ ಮೇಲೆ ಬೆರಳಾಡಿಸುತ್ತಿದ್ದೆ. ಮೊದಮೊದಲು ಅವರ ಮಾತಿಗಿಂತ ಹಾಳೆ ಮಗುಚುವ ಸದ್ದೇ ಜಾಸ್ತಿ. ಐದನೇ ವಾರ ಅವರು ಒಂದು ಸಾಲು ಹಾರಿಸಿ ಓದಿಬಿಟ್ಟರು, ನನ್ನ ಬೆರಳು ತಾನಾಗೇ ನಿಂತಿತು. "ಸಾಲು ಬಿಟ್ರಿ" ಅಂದೆ. ಇಬ್ಬರಿಗೂ ಮುಂದೆ ಓದೋಕೆ ಆಗಲಿಲ್ಲ.

ಆರು ತಿಂಗಳಿಗೆ ಮಗಳ ಜೊತೆ ಫೋನಿನಲ್ಲಿ ಮಾತಾಡಿದೆ. ಗದ್ದಲದಲ್ಲಿ ಈಗಲೂ ಕಷ್ಟ, ಹಾಡು ಮೊದಲಿನ ಹಾಗೆ ಕೇಳಲ್ಲ. ಮಲಗುವಾಗ ಪ್ರೊಸೆಸರ್ ತೆಗೆದರೆ ಆ ಕಿವಿಗೆ ಏನೂ ಕೇಳುವುದಿಲ್ಲ. ಮ್ಯಾಪಿಂಗ್‌ಗೆ (ಪ್ರೊಸೆಸರನ್ನು ನಮ್ಮ ಕಿವಿಗೆ ತಕ್ಕ ಹಾಗೆ ಹೊಂದಿಸೋದು) ಕರೆದಾಗಲೆಲ್ಲ ತಪ್ಪದೆ ಹೋಗಿ, ನನಗೆ ಪ್ರತಿ ಸಲ ಧ್ವನಿ ಸ್ವಲ್ಪ ತಿಳಿಯಾಯಿತು. ಅಮ್ಮನಿಗೆ ಆಪರೇಷನ್ ಮಾಡುವ ಕಿವಿಯಲ್ಲಿ ಉಳಿದಿರುವ ಅಲ್ಪಸ್ವಲ್ಪ ಕೇಳುವಿಕೆಯೂ ಆಪರೇಷನ್ನಿನಲ್ಲಿ ಹೋಗಬಹುದು, ಅದನ್ನು ಡಾಕ್ಟರ ಹತ್ತಿರ ಬಿಡಿಸಿ ಕೇಳಿ. ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ತಡೆಯುವ ಲಸಿಕೆ ಯಾವಾಗ, ಮುಂದೆ ಎಂಆರ್‌ಐ ಬೇಕಾದರೆ ಏನು ಮಾಡಬೇಕು ಅಂತಲೂ ಕೇಳಿ.

ಅಮ್ಮನ ಜೊತೆ ದಿನಾ ಅರ್ಧ ಗಂಟೆ ಕೂತು ಓದೋರು ಯಾರು ಅಂತ ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಅವರಿಗೆ ಮಾತು ಕೇಳದೆ ಎಷ್ಟು ವರ್ಷ ಆಯಿತು? ಬರೆಯಿರಿ, ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.