ಅಪ್‌ಡೇಟ್: ಹೆಡರ್‌ಗೆ ಹೀಟ್ ರ‍್ಯಾಪ್ ಬೇಡ, ಶೀಲ್ಡ್ ಸಾಕು

ಗೋವಾದ ವಾಸ್ಕೋದಲ್ಲಿ ಓಡುವ ಕಾರಿನ ಮೈಲ್ಡ್ ಸ್ಟೀಲ್ ಹೆಡರ್‌ಗೆ (ಎಂಜಿನ್‌ನಿಂದ ಹೊಗೆ ಹೊರತರುವ ಪೈಪುಗಳಿಗೆ) ಹೀಟ್ ರ‍್ಯಾಪ್, ಅಂದರೆ ಬಿಸಿ ತಡೆಯುವ ಪಟ್ಟಿ, ಸುತ್ತಬೇಕೋ ಬೇಡವೋ ಎಂದು ಕೇಳಿದ್ದೆ. ಸುತ್ತಿಲ್ಲ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಕಾರಣ ಎರಡು. ಸುತ್ತಿದರೆ ಬಿಸಿ ಹೊರಹೋಗದೆ ಪೈಪಿನ ಲೋಹವೇ ಹೆಚ್ಚು ಕಾಯುತ್ತದೆ, ತುಕ್ಕು ಪದರ ಪದರವಾಗಿ ಏಳುತ್ತದೆ, ವೆಲ್ಡ್ ಹತ್ತಿರ ಬಿರುಕು ಬಿಡುತ್ತದೆ. ಮೇಲಾಗಿ ಗೋವಾದ ಮಳೆ, ಉಪ್ಪುಗಾಳಿ: ಪಟ್ಟಿ ತೇವ ಹೀರಿ ಲೋಹಕ್ಕೆ ಅಂಟಿಸಿಕೊಂಡು ಕೂರುತ್ತದೆ. ದಿನಾ ಸ್ವಲ್ಪವೇ ಓಡಿಸುವ ಕಾರಿನಲ್ಲಿ ಅದು ಪೂರ್ತಿ ಒಣಗುವುದೂ ಇಲ್ಲ. ಎಂಜಿನ್ ಮೇಲಿನ ವಾಲ್ವ್ ಕವರ್ ಗ್ಯಾಸ್ಕೆಟ್‌ನಿಂದ ಆಯಿಲ್ ಸೋರಿ ಪಟ್ಟಿಗೆ ಇಳಿದರೆ ಬೆಂಕಿಯ ಅಪಾಯ ಬೇರೆ.

ಬದಲಿಗೆ ಶೀಲ್ಡ್ ಆಗಿ 1 ಮಿ.ಮೀ. ಅಲ್ಯೂಮಿನಿಯಂ ಶೀಟ್ ಬಗ್ಗಿಸಿ, ಸ್ಟೀಲ್ ಬ್ರಾಕೆಟ್ ಕೊಟ್ಟು, ಪೈಪಿನಿಂದ ಸುಮಾರು 15 ಮಿ.ಮೀ. ದೂರದಲ್ಲಿ ಕೂರಿಸಲಾಗಿದೆ. ಈ ಗಾಳಿಯ ಸಂದೇ ಮುಖ್ಯ. ಶೀಟ್ ಪೈಪಿಗೆ ತಾಗಿದರೆ ಅದೂ ಕಾಯುತ್ತದೆ, ಗಡಗಡ ಸದ್ದು ಬೇರೆ. ಸೆನ್ಸರ್ ವೈರಿಗೆ ಫೈಬರ್‌ಗ್ಲಾಸ್ ತೋಳು ಹಾಕಿದರೆ ಆಯಿತು.

ಬಜೆಟ್ ಇದ್ದರೆ ಪೈಪಿಗೆ ಸೆರಾಮಿಕ್ ಕೋಟಿಂಗ್ (ಬಿಸಿ ತಡೆಯುವ ಲೇಪ) ಇನ್ನೂ ಒಳ್ಳೆಯದು, ಆದರೆ ಹೆಡರ್ ಬಿಚ್ಚಲೇಬೇಕು.

ಸ್ಟೇನ್‌ಲೆಸ್ ಹೆಡರ್ ಇದ್ದು ಸುತ್ತಿಯೇ ತೀರುವವರು 2 ಇಂಚಿನ ಪಟ್ಟಿಯನ್ನು ಪ್ರತಿ ಸುತ್ತೂ ಹಿಂದಿನ ಸುತ್ತಿನ ಮೇಲೆ ಕಾಲಿಂಚು ಬರುವಂತೆ ಬಿಗಿಯಾಗಿ ಸುತ್ತಿ, ಸ್ಟೀಲ್ ಟೈ ಹಾಕಿ. ಆಕ್ಸಿಜನ್ ಸೆನ್ಸರ್ ಮುಚ್ಚಬೇಡಿ. ಗ್ಲೌಸ್ ಇಲ್ಲದಿದ್ದರೆ ಕೈ ತುರಿಕೆ ಗ್ಯಾರಂಟಿ. ಮೊದಲ ಸಲ ಕಾದಾಗ ಹೊಗೆ ಬರುವುದು ಸಹಜ, ಬಯಲಿನಲ್ಲಿ ಸ್ಟಾರ್ಟ್ ಮಾಡಿ.