ಪುಟ್ಟಿಗೆ ಗ್ರ್ಯಾಂಡ್ ಕ್ಯಾನ್ಯನ್ ಬಗ್ಗೆ ಮಾವನ ಉತ್ತರ

ಪುಟ್ಟಿ, ನೀನು ಗ್ರೂಪಲ್ಲಿ ಹಾಕಿದ್ದು ಓದಿದೆ. ಬರೋ ಅಕ್ಟೋಬರ್ ಮೂರನೇ ವಾರ ನೀನು, ಅಳಿಯಂದಿರು, ನಿಮ್ಮ ಫ್ರೆಂಡು, ಮೈಸೂರಿಂದ ಬರೋ ಭಾವ, ನಾಲ್ಕೂ ಜನ ಅಮೆರಿಕದ ಅರಿಝೋನದಲ್ಲಿರೋ ಗ್ರ್ಯಾಂಡ್ ಕ್ಯಾನ್ಯನ್ ಕಮರಿ ಇಳಿದು ಕೊಲರಾಡೊ ನದಿ ಮುಟ್ಟಿ ಅದೇ ದಿನ ಹತ್ತಿ ಬರ್ತೀವಿ, ಮಾರನೇ ದಿನ ಜಯಾನ್ ಪಾರ್ಕಲ್ಲಿ ನ್ಯಾರೋಸ್, ಅಂದ್ರೆ ನದಿಯೊಳಗೇ ನಡೆಯೋ ಇಕ್ಕಟ್ಟು ಕಮರಿ ದಾರಿ, ಮಾಡ್ತೀವಿ ಅಂತ ಬರೆದಿದೀಯ. ಕೇಳಿರೋದು ಮೂರು: ಒಂದೇ ದಿನದಲ್ಲಿ ಆಗುತ್ತಾ, ನೀರು ಎಷ್ಟು ಹೊರಬೇಕು, ಊಟಕ್ಕೆ ಏನು. ಉದ್ದ ಆಗುತ್ತೆ ಅಂತ ಫೋನಿಗೆ ಮಾತಾಡಿ ಅಕ್ಷರ ಮಾಡಿಸ್ತಿದೀನಿ. ಭಾವ, ನೀವೂ ಪೂರ್ತಿ ಓದಿ, ಇದರಲ್ಲಿ ನಿಮಗೆ ಹೇಳೋದೇ ಜಾಸ್ತಿ ಇದೆ.

ಒಂದೇ ದಿನದಲ್ಲಿ ಇಳಿದು ಹತ್ತೋದು ಬೇಡವೇ ಬೇಡ. ಪಾರ್ಕಿನವರೂ ಅದನ್ನೇ ಬೋರ್ಡ್ ಹಾಕಿ ಹೇಳ್ತಾರೆ. ಕುಮಾರಪರ್ವತಕ್ಕೆ ಹೋದವರಿಗೆ ಹೇಳೋದು ಸುಲಭ: ಅದನ್ನ ತಲೆಕೆಳಗು ಮಾಡಿದ ಹಾಗೆ ಇದು. ಅಲ್ಲಿ ಮೈಯಲ್ಲಿ ಕಸುವಿರುವಾಗ ಹತ್ತುತೀವಿ, ಆಗಲ್ಲ ಅನ್ನಿಸಿದ ಕ್ಷಣ ತಿರುಗಿ ಇಳೀಬಹುದು. ಇಲ್ಲಿ ಮೊದಲು ಇಳಿಯೋದು. ಸೌತ್ ಕೈಬಾಬ್ ದಾರಿ ಶುರುವಾಗೋದು 2,213 ಮೀಟರ್ ಎತ್ತರದಲ್ಲಿ, ಕೆಳಗಿನ ಬ್ರೈಟ್ ಏಂಜಲ್ ಕ್ಯಾಂಪ್‌ಗ್ರೌಂಡ್ ಇರೋದು ಸುಮಾರು 756ರಲ್ಲಿ. ಸುಮಾರು 1,450 ಮೀಟರ್ ಇಳಿಯೋವಾಗ ಎಲ್ಲರಿಗೂ ಹುರುಪು, ಏನೂ ಗೊತ್ತಾಗಲ್ಲ. ಸುಸ್ತಾಗಿದೆ ಅಂತ ಗೊತ್ತಾಗೋ ಹೊತ್ತಿಗೆ ಹತ್ತೋದೆಲ್ಲ ಬಾಕಿ ಇರುತ್ತೆ, ಅದೂ ಬಿಸಿಲಲ್ಲಿ. ಇಳಿಯೋಕೆ ಹಿಡಿದ ಹೊತ್ತಿನ ಎರಡರಷ್ಟು ಹತ್ತೋಕೆ ಅಂತ ಲೆಕ್ಕ ಇಟ್ಟುಕೊಳ್ಳಿ.

ಅದಕ್ಕೆ ಎರಡು ರಾತ್ರಿ ಕೆಳಗೆ ಉಳಿಯೋ ಹಾಗೆ ಮಾಡಿ. ಮೊದಲನೇ ದಿನ ಸೌತ್ ಕೈಬಾಬ್‌ನಲ್ಲಿ ಇಳಿದು ಬ್ರೈಟ್ ಏಂಜಲ್ ಕ್ಯಾಂಪ್. ಎರಡನೇ ದಿನ ಅಲ್ಲಿಂದ ಬ್ರೈಟ್ ಏಂಜಲ್ ಅನ್ನೋ ಇನ್ನೊಂದು ದಾರಿಯಲ್ಲಿ 8 ಕಿಲೋಮೀಟರ್ ಹತ್ತಿ ಹವಸುಪೈ ಗಾರ್ಡನ್ಸ್ ಕ್ಯಾಂಪ್. 2022ರ ತನಕ ಅದಕ್ಕೆ ಇಂಡಿಯನ್ ಗಾರ್ಡನ್ ಅಂತಿದ್ರು, ಹಳೇ ಮ್ಯಾಪಲ್ಲಿ ಹಾಗೇ ಇರುತ್ತೆ. ಮೂರನೇ ದಿನ ಉಳಿದ 7 ಕಿಲೋಮೀಟರ್ ಚಿಲ್ರೆ, ಸುಮಾರು 930 ಮೀಟರ್ ಏರು. ಸೌತ್ ಕೈಬಾಬ್‌ನಲ್ಲೇ ವಾಪಸ್ ಹತ್ತೋ ಯೋಚನೆ ಬೇಡ. ದೂರ ಕಮ್ಮಿ ನಿಜ, ಆದ್ರೆ ಗುಡ್ಡದ ಏಣಿನ ಮೇಲೆ ಹೋಗೋ ದಾರಿ ಅದು, ಹನಿ ನೀರಿಲ್ಲ, ನೆರಳೂ ಇಲ್ಲ. ಇನ್ನು ನಾರ್ತ್ ರಿಮ್ ಕಡೆ, ಅಂದ್ರೆ ಕಮರಿಯ ಆಚೆಯ ಉತ್ತರದ ಅಂಚಿಗೆ ಹತ್ತೋಣ ಅಂತ ನಿಮ್ಮ ಫ್ರೆಂಡ್ ಹೇಳ್ತಿದಾರೆ ಅಂದ್ಯಲ್ಲ, 2025ರ ಜುಲೈ ಕಾಡ್ಗಿಚ್ಚಲ್ಲಿ ಅಲ್ಲಿನ ಲಾಡ್ಜೇ ಸುಟ್ಟುಹೋಗಿದೆ. ಈ ಸಲ ಅದನ್ನ ಬಿಡಿ.

ಕೆಳಗೆ ಮಲಗೋಕೆ ಪರ್ಮಿಟ್ ಬೇಕು. ಹೊರಡೋ ತಿಂಗಳಿಗೆ ಸುಮಾರು ನಾಲ್ಕು ತಿಂಗಳು ಮುಂಚೆ ರಿಕ್ರಿಯೇಷನ್ ಡಾಟ್ ಗವ್ ಸೈಟಲ್ಲಿ ಲಾಟರಿ ಬಿಡ್ತಾರೆ. ಲಾಟರಿ ಬಂತು ಅಂದ್ರೆ ಕ್ಯಾಂಪ್ ಸಿಕ್ತು ಅಂತಲ್ಲ. ನಿನಗೆ ಒಂದು ದಿನ, ಒಂದು ಸಮಯ ಕೊಡ್ತಾರೆ, ಆ ಹೊತ್ತಿಗೆ ಲಾಗಿನ್ ಆಗಿ ಉಳಿದಿರೋ ಜಾಗದಲ್ಲಿ ನೀನೇ ಆರಿಸ್ಕೋಬೇಕು. ಅಷ್ಟು ಹೊತ್ತಿಗೆ ಮೂರು ಬೇರೆ ಬೇರೆ ಹೊರಡೋ ತಾರೀಕು ಬರೆದಿಟ್ಟುಕೊಂಡಿರು. ವಾರದ ಮಧ್ಯ ಸಿಗೋದು ಸುಲಭ. ಆರು ಜನದ ತನಕ ಚಿಕ್ಕ ಗುಂಪಿನ ಸೈಟ್, ನೀವು ನಾಲ್ವರು ಅದರಲ್ಲಿ ಹಿಡೀತೀರಿ.

ಈಗ ನೀರು. ಸೌತ್ ಕೈಬಾಬ್ ಇಳಿಯೋಕೆ ಒಬ್ಬೊಬ್ಬರಿಗೆ 3 ಲೀಟರ್, ಅಂದ್ರೆ 3 ಕೇಜಿ ಭಾರ, ಹೊರಲೇಬೇಕು. ಕ್ಯಾಂಪಲ್ಲಿ ನಲ್ಲಿ ಇದೆ, ಹವಸುಪೈ ಗಾರ್ಡನ್ಸಲ್ಲೂ ಇದೆ. ಅಲ್ಲಿಂದ ಮೇಲಕ್ಕೆ ಎರಡು ರೆಸ್ಟ್‌ಹೌಸ್ ಇವೆ, ಮೇಲಿನ ಅಂಚಿಂದ ಲೆಕ್ಕ ಹಾಕಿ 3 ಮೈಲಿ, ಒಂದೂವರೆ ಮೈಲಿ ಅಂತ ಕರೀತಾರೆ, ಆದ್ರೆ ಚಳಿ ಶುರುವಾದ್ರೆ ಪೈಪಲ್ಲಿ ನೀರು ಹೆಪ್ಪುಗಟ್ಟುತ್ತೆ ಅಂತ ಆ ನಲ್ಲಿಗಳನ್ನ ನಿಲ್ಲಿಸ್ತಾರೆ. ಅಕ್ಟೋಬರ್ ಮೂರನೇ ವಾರ ಅಂದ್ರೆ ನಿಂತಿದೆ ಅಂತಲೇ ಇಟ್ಕೊಂಡು ಹವಸುಪೈಯಿಂದಲೂ 2 ಲೀಟರಿಗೆ ಕಮ್ಮಿ ಇಲ್ಲದ ಹಾಗೆ ತುಂಬಿಸ್ಕೊಳ್ಳಿ.

ನಲ್ಲಿ ಇದೆ ಅಂತ ಪೂರ್ತಿ ನಂಬೋ ಹಾಗೂ ಇಲ್ಲ. ಇಡೀ ಕ್ಯಾನ್ಯನ್ನಿಗೆ ನೀರು ಬರೋದು ನಾರ್ತ್ ರಿಮ್ ಕೆಳಗಿನ ರೋರಿಂಗ್ ಸ್ಪ್ರಿಂಗ್ಸ್ ಅನ್ನೋ ಒರತೆಯಿಂದ, ಒಂದೇ ಪೈಪಲ್ಲಿ. 1960ರ ದಶಕದಲ್ಲಿ ಹಾಕಿದ ಪೈಪು. ಬಂಡೆ ಉರುಳಿ, ಪ್ರವಾಹ ಬಂದು, ಹಳೇದಾಗಿ ಒಡೀತಾನೇ ಇರುತ್ತೆ. ಹೊಸದು ಹಾಕೋ ಕೆಲಸ 2023ರಲ್ಲಿ ಶುರುವಾಗಿದೆ. ಒಡೆದ ದಿನ ನಲ್ಲಿಗಳು ಬಂದ್ ಆಗಬಹುದು. ಅದಕ್ಕೆ ಹೊರಡೋ ಹಿಂದಿನ ಸಂಜೆ ಪಾರ್ಕಿನವರ ಪರ್ಮಿಟ್ ಕಚೇರಿಯಾದ ಬ್ಯಾಕ್‌ಕಂಟ್ರಿ ಆಫೀಸಲ್ಲಿ ಎಲ್ಲೆಲ್ಲಿ ನೀರಿದೆ, ಯಾವ ದಾರಿ ತೆರೆದಿದೆ ಅಂತ ಕೇಳಿ, ಒಂದು ಫಿಲ್ಟರ್ ಮತ್ತೆ ಕ್ಲೋರಿನ್ ಮಾತ್ರೆ ಎರಡೂ ಇಟ್ಟುಕೊಳ್ಳಿ. ಬ್ರೈಟ್ ಏಂಜಲ್ ಹಳ್ಳದ ನೀರು ಸಾಮಾನ್ಯವಾಗಿ ತಿಳಿಯಾಗಿರುತ್ತೆ, ನೇರ ಫಿಲ್ಟರ್ ಮಾಡಬಹುದು. ಕೊಲರಾಡೊ ನದಿ ನೀರು ಕೆಂಪಗೆ ಕದಡಿದ್ದರೆ ಫಿಲ್ಟರಿಗೆ ಹಾಕ್ಬೇಡಿ, ಎರಡು ಲೀಟರ್ ಆಗೋದ್ರೊಳಗೆ ರಾಡಿ ಕಟ್ಟಿ ನಿಂತುಬಿಡುತ್ತೆ. ನಮ್ಮ ಅಜ್ಜಿ ಕಾಲದ ಪಟಿಕವೇ ಇದಕ್ಕೆ ಮದ್ದು. ಮಡಚಿ ಇಡೋ ಬಟ್ಟೆಯ ಬಕೆಟ್ಟಲ್ಲಿ ನೀರು ತುಂಬಿ, ಒಂದು ಚಿಟಿಕೆ ಪಟಿಕದ ಪುಡಿ ಹಾಕಿ ಒಂದೇ ದಿಕ್ಕಿಗೆ ತಿರುಗಿಸಿ ಬಿಟ್ಟರೆ ಮಣ್ಣು ಹಿಂಡುಗಟ್ಟಿ ತಳಕ್ಕೆ ಇಳಿಯುತ್ತೆ. ಮೇಲಿನ ತಿಳಿ ಬಗ್ಗಿಸ್ಕೊಂಡು ಆಮೇಲೆ ಫಿಲ್ಟರ್. ಆ ನದಿಯಲ್ಲಿ ದೋಣಿ ನಡೆಸೋರೂ ಹೀಗೇ ಮಾಡ್ತಾರೆ. ಪಟಿಕ ಕ್ರಿಮಿ ಕೊಲ್ಲಲ್ಲ, ಮಣ್ಣು ಇಳಿಸುತ್ತೆ ಅಷ್ಟೆ, ನೆನಪಿರಲಿ.

ಭಾವ, ಇದು ಮುಖ್ಯ. ಒಣ ಗಾಳಿಗೆ ಬೆವರು ಬಂದದ್ದೇ ಗೊತ್ತಾಗಲ್ಲ, ಚರ್ಮದ ಮೇಲೇ ಆರಿಹೋಗುತ್ತೆ. ಅಂಗಿ ಮೇಲೆ ಬಿಳೀ ಉಪ್ಪಿನ ಗೆರೆ ಕಂಡಾಗಲೇ ತಿಳಿಯೋದು. ನೀರು ಕುಡೀಬೇಕು ಅಂತ ಎಲ್ಲರೂ ಹೇಳ್ತಾರೆ, ಉಪ್ಪು ತಿನ್ನಬೇಕು ಅನ್ನೋದನ್ನ ಮರೀತಾರೆ. ಬರೀ ನೀರು ಕುಡೀತಾ ಹೋದರೆ ರಕ್ತದಲ್ಲಿ ಸೋಡಿಯಂ ತೆಳ್ಳಗಾಗಿ ಮಿದುಳು ಊದಿಕೊಳ್ಳುತ್ತೆ. ತಲೆನೋವು, ವಾಕರಿಕೆ, ಮಾತು ತಡವರಿಸೋದು. ನೋಡೋಕೆ ಬಿಸಿಲು ತಗುಲಿದ ಹಾಗೇ ಇರುತ್ತೆ. ಜೊತೆಗಿದ್ದವರು ಪಾಪ ಅಂತ ಇನ್ನಷ್ಟು ನೀರು ಕುಡಿಸ್ತಾರೆ, ಅದರಿಂದಲೇ ಕೆಡುತ್ತೆ. ಕೇಳಬೇಕಾದ್ದು ಒಂದೇ: ಮೂತ್ರ ಹೇಗಿದೆ? ಬೆಳಗಿಂದ ಹೋಗೇ ಇಲ್ಲ, ಹೋದರೂ ಗಾಢ ಹಳದಿ ಅಂದ್ರೆ ನೀರು ಸಾಲ್ತಿಲ್ಲ. ಪದೇ ಪದೇ ಹೋಗ್ತಿದಾರೆ, ನೀರಿನ ಬಣ್ಣಕ್ಕೇ ಇದೆ, ಊಟ ಮಾಡಿಲ್ಲ, ವಾಂತಿ ಬರ್ತಿದೆ ಅಂದ್ರೆ ಉಪ್ಪು ಇಳಿದಿದೆ ಅಂತ ಅನುಮಾನ ಪಡಿ. ಆಗ ನೀರು ನಿಲ್ಲಿಸಿ, ನೆರಳಲ್ಲಿ ಕೂರಿಸಿ, ಎಚ್ಚರ ಇದ್ದರೆ ಉಪ್ಪಿನ ತಿಂಡಿ ಕೊಡಿ. ಮಾತು ಅಡ್ಡಾದಿಡ್ಡಿ ಆದ್ರೆ ಕಾಯಬೇಡಿ, ರೇಂಜರ್‌ಗೆ ಹೇಳಿ ಕಳಿಸಿ. ಸೌತ್ ಕೈಬಾಬ್ ದಾರಿಯಲ್ಲಿ ಸಿಗೋ ಟಿಪ್‌ಆಫ್ ಅನ್ನೋ ಜಾಗದಲ್ಲಿ ಎಮರ್ಜೆನ್ಸಿ ಫೋನ್ ಇದೆ. ಮೊಬೈಲ್ ಸಿಗ್ನಲ್ ನೆಚ್ಚಬೇಡಿ.

ಅದಕ್ಕೇ ಗಂಟೆಗೊಂದು ಸಲ ಕೂತು ಏನಾದ್ರೂ ಉಪ್ಪಿಂದು ತಿನ್ನಿ: ಕೋಡುಬಳೆ, ಖಾರದ ಕಡ್ಲೆಬೀಜ, ಕರಿದಿಟ್ಟ ಮಜ್ಜಿಗೆ ಮೆಣಸಿನಕಾಯಿ. ಓಆರ್‌ಎಸ್ ಪುಡಿ ದಿನಕ್ಕೆ ಒಬ್ಬರಿಗೆ ಎರಡು ಪ್ಯಾಕೆಟ್ ಇರಲಿ. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರಿಗೆ ಅಳತೆ ಮಾಡಿರೋದು, ಅರ್ಧ ಬಾಟಲಿಗೆ ಇಡೀ ಪ್ಯಾಕೆಟ್ ಸುರೀಬೇಡಿ. ಭಾವ, ನಿಮ್ಮ ಬಿಪಿ ಮಾತ್ರೆಯಲ್ಲಿ ಮೂತ್ರ ಹೋಗಿಸೋ ಔಷಧಿ ಸೇರಿದೆಯಾ ಅಂತ ಡಾಕ್ಟರ್ ಹತ್ರ ಕೇಳಿ. ಸೇರಿದ್ದರೆ ನೀರು, ಉಪ್ಪು ಎರಡೂ ಬೇಗ ಇಳಿಯುತ್ತೆ. ಉಪ್ಪು ಎಷ್ಟು, ಓಆರ್‌ಎಸ್ ಎಷ್ಟು ಅಂತ ಅವರೇ ಹೇಳಬೇಕು. ನೀವಾಗೇ ಮಾತ್ರೆ ಬಿಡೋದು ಬೇಡ.

ಊಟಕ್ಕೆ ಅವಲಕ್ಕಿಯನ್ನ ಮೀರಿದ್ದಿಲ್ಲ. ಗಟ್ಟಿ ಅವಲಕ್ಕಿನ ಮಿಕ್ಸಿಯಲ್ಲಿ ರವೆಗಿಂತ ಸ್ವಲ್ಪ ದಪ್ಪಕ್ಕೆ ಒಡೀರಿ. ಒಬ್ಬರಿಗೆ ಒಂದು ಹೊತ್ತಿಗೆ 100 ಗ್ರಾಂ. ಅದಕ್ಕೆ ಪುಳಿಯೋಗರೆ ಪುಡಿ, ಬೆಲ್ಲದ ಪುಡಿ, ಉಪ್ಪು, ಹುರಿದ ಕಡ್ಲೆಬೀಜ, ಒಣಕೊಬ್ಬರಿ ತುರಿ ಸೇರಿಸಿ, ಎಣ್ಣೆಯಲ್ಲಿ ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು ಗರಿಗರಿ ಆಗೋ ತನಕ ಒಗ್ಗರಣೆ ಹಾಕಿ ಆರಿಸಿ, ಹೊತ್ತಿಗೊಂದರಂತೆ ಜಿಪ್ ಕವರಿಗೆ ತುಂಬಿ. ಅಲ್ಲಿ ಹೋಗಿ ಕವರಿಗೇ ನೀರು ಹಾಕಿ ಕಾಲು ಗಂಟೆ ಬಿಟ್ಟರೆ ಗೊಜ್ಜವಲಕ್ಕಿ ರೆಡಿ. ಒಂದು ಲೋಟ ಮಿಶ್ರಣಕ್ಕೆ ಮುಕ್ಕಾಲು ಲೋಟ ನೀರು. ಒಂದೇ ಸಲ ಸುರಿದ್ರೆ ಮುದ್ದೆ ಆಗುತ್ತೆ, ಎರಡು ಸಲ ಚಿಮುಕಿಸಿ. ಬಿಸಿನೀರೂ ಬೇಡ. ರಾತ್ರಿಗೆ ಅಕ್ಕಿ-ಬೇಳೆ ಬೇಯಿಸೋ ಆಸೆ ಬಿಟ್ಟು ರವೆ ಉಪ್ಪಿಟ್ಟಿನ ಮಿಕ್ಸ್ ಇಟ್ಟುಕೊಳ್ಳಿ, ಬೇಳೆ ಬೇಯೋದ್ರಲ್ಲಿ ಗ್ಯಾಸ್ ಮುಗಿಯುತ್ತೆ.

ಆ ಗ್ಯಾಸ್ ಕ್ಯಾನಿಸ್ಟರ್ ವಿಮಾನದಲ್ಲಿ ತಗೊಂಡು ಹೋಗೋ ಹಾಗಿಲ್ಲ, ಕೈಚೀಲದಲ್ಲೂ ಇಲ್ಲ, ಚೆಕ್-ಇನ್ ಬ್ಯಾಗಲ್ಲೂ ಇಲ್ಲ. ಫೀನಿಕ್ಸ್ ಅಥವಾ ಫ್ಲ್ಯಾಗ್‌ಸ್ಟಾಫಲ್ಲಿ ಇಳಿದ ಮೇಲೆ ಕೊಳ್ಳಿ. ನಾಲ್ವರಿಗೆ ಎರಡು ರಾತ್ರಿ, ಕಾಫಿ-ಉಪ್ಪಿಟ್ಟಿಗೆ 230 ಗ್ರಾಮಿನದು ಒಂದು ಸಾಕು. ಸೌದೆ ಬೆಂಕಿ ಹಾಕೋದು ಕೆಳಗೆ ಪೂರ್ತಿ ನಿಷೇಧ.

ಕ್ಯಾಂಪಲ್ಲಿ ಅಳಿಲುಗಳದ್ದೇ ಕಾಟ, ರಾತ್ರಿಯಾದ್ರೆ ರಿಂಗ್‌ಟೇಲ್ ಅನ್ನೋ ಪ್ರಾಣಿ. ಪ್ರತಿ ಸೈಟಲ್ಲೂ ಕಬ್ಬಿಣದ ಡಬ್ಬಿ ಇಟ್ಟಿರ್ತಾರೆ. ತಿಂಡಿ ಜೊತೆ ಟೂತ್‌ಪೇಸ್ಟ್, ಸೋಪು, ಚಟ್ನಿಪುಡಿ, ವಾಸನೆ ಇರೋದೆಲ್ಲ ಅದರೊಳಗೆ ಹೋಗಬೇಕು. ಖಾಲಿ ಬ್ಯಾಗಿನ ಜಿಪ್ ಎಲ್ಲಾ ತೆರೆದು ಕಂಬಕ್ಕೆ ನೇತುಹಾಕಿ. ಮುಚ್ಚಿದ್ರೆ ಒಳಗೇನಿದೆ ಅಂತ ಕಡಿದು ತೂತು ಮಾಡ್ತವೆ. ಅಳಿಲು ಮುದ್ದಾಗಿದೆ ಅಂತ ಕೈಯಲ್ಲಿ ತಿನ್ನಿಸೋಕೆ ಹೋಗ್ಬೇಡಿ, ಕಚ್ಚುತ್ತೆ.

ಸಮಯದ ವಿಷಯ. ಸೌತ್ ಕೈಬಾಬ್ ತಲೆಗೆ ಸ್ವಂತ ಕಾರು ಬಿಡಲ್ಲ, ಬೆಳಗಿನ ಜಾವದ ಹೈಕರ್ಸ್ ಎಕ್ಸ್‌ಪ್ರೆಸ್ ಬಸ್ ಹಿಡೀಬೇಕು. ಹಿಂದಿನ ರಾತ್ರಿ ರಿಮ್ ಮೇಲೇ ಮಲಗಿ. ಅಲ್ಲಿ ಬೆಳಿಗ್ಗೆ 2-3 ಡಿಗ್ರಿ ಚಳಿ, ಕೆಳಗೆ ಮಧ್ಯಾಹ್ನ 30ರ ಹತ್ರ. ಬಿಚ್ಚಿ ಹಾಕೋ ಥರ ಪದರ ಪದರವಾಗಿ ಬಟ್ಟೆ ಹಾಕಿ. ಮೊದಲ ಟಾಯ್ಲೆಟ್ ಸಿಗೋದು ಸೀಡರ್ ರಿಡ್ಜಲ್ಲಿ, ಸುಮಾರು 2.4 ಕಿಲೋಮೀಟರಿಗೆ, ಆಮೇಲೆ ಟಿಪ್‌ಆಫ್‌ನಲ್ಲಿ, 7ಕ್ಕೆ. ಸೀಡರ್ ರಿಡ್ಜಲ್ಲಿ ಯಾರಿಗಾದ್ರೂ ಮಂಡಿ ನಡುಗ್ತಿದ್ರೆ ಅಲ್ಲಿಂದಲೇ ತಿರುಗಿ, ಮುಂದೆ ಹೋದಷ್ಟೂ ಕಷ್ಟ. ಹೇಸರಗತ್ತೆ ಸಾಲು ಎದುರಾದ್ರೆ ಗುಡ್ಡದ ಗೋಡೆ ಕಡೆ ಸರಿದು, ಸದ್ದಿಲ್ಲದೆ ನಿಂತು, ಸವಾರ ಹೇಳಿದ ಹಾಗೆ ಕೇಳಿ. ಪ್ರಪಾತದ ಕಡೆ ಮಾತ್ರ ನಿಲ್ಲಬೇಡಿ. ಎರಡನೇ ದಿನ ಕತ್ತಲಿರುವಾಗಲೇ ಹೆಡ್‌ಲ್ಯಾಂಪ್ ಹಾಕ್ಕೊಂಡು ಐದೂವರೆಗೆ ಬಿಡಿ. ಡೆವಿಲ್ಸ್ ಕಾರ್ಕ್‌ಸ್ಕ್ರೂ ಅನ್ನೋ ಸುತ್ತುದಾರಿ ಬಿಸಿಲಿಗೆ ಮುಂಚೆ ದಾಟಿಬಿಟ್ರೆ ಮಧ್ಯಾಹ್ನ ಪೂರ್ತಿ ಹವಸುಪೈಯ ಕಾಟನ್‌ವುಡ್ ಮರದ ನೆರಳಲ್ಲಿ ಮಲಗಬಹುದು. ಸಂಜೆ ಪ್ಲಾಟೋ ಪಾಯಿಂಟ್ ತನಕ ಹೋಗಿ ಬನ್ನಿ, ಒಂದು ಕಡೆಗೆ 2.4 ಕಿಲೋಮೀಟರ್, ಹೆಚ್ಚುಕಮ್ಮಿ ಸಮತಟ್ಟು.

ಕೆಳಗೆ ನದಿ ಹತ್ರ ಕಪ್ಪು ಬಂಡೆ, ಅದರೊಳಗೆ ಗುಲಾಬಿ ಬಣ್ಣದ ಗ್ರಾನೈಟ್ ಎಳೆ ಕಾಣುತ್ತೆ, ನಿಂತು ನೋಡಿ. ಅದರ ಹೆಸರು ವಿಷ್ಣು ಶಿಸ್ಟ್, ಸುಮಾರು 170 ಕೋಟಿ ವರ್ಷದ್ದು. 1880ರ ಆಸುಪಾಸು ಅಲ್ಲಿ ಸರ್ವೇ ಮಾಡಿದ ಕ್ಲಾರೆನ್ಸ್ ಡಟನ್ ಶಿಖರಗಳಿಗೆ ವಿಷ್ಣು ಟೆಂಪಲ್, ಶಿವ ಟೆಂಪಲ್ ಅಂತ ಹೆಸರಿಟ್ಟಿದ್ದು, ಬಂಡೆಗೂ ಅದೇ ಬಂತು. ಭಾವ ಲಾಲ್‌ಬಾಗ್ ಬಂಡೆ ಅಭಿಮಾನಿ ಅಲ್ವಾ, ಅದು ಸುಮಾರು 300 ಕೋಟಿ ವರ್ಷದ್ದು, ಇದಕ್ಕಿಂತ ಬಹಳ ಹಿರೀದು.

ತಯಾರಿಗೆ ಭಾವ, ಚಾಮುಂಡಿ ಬೆಟ್ಟದ ಮೆಟ್ಟಿಲು. ಹತ್ತಿ ಬಸ್ಸಲ್ಲಿ ಇಳಿದು ಬಂದ್ರೆ ಉಪಯೋಗ ಇಲ್ಲ, ನಡೆದೇ ಇಳೀಬೇಕು. ಕ್ಯಾನ್ಯನ್‌ನಲ್ಲಿ ಮೊದಲು ಕೈಕೊಡೋದು ತೊಡೆ ಮುಂಭಾಗ, ಆಮೇಲೆ ಮಂಡಿ. ವಾರಕ್ಕೆ ಎರಡು ಸಲ, ಬೆನ್ನಿಗೆ 3 ಕೇಜಿಯಿಂದ ಶುರು ಮಾಡಿ ನಿಧಾನವಾಗಿ 8 ಕೇಜಿ ತನಕ. ಶೂ ಅರ್ಧ ಸೈಜ್ ದೊಡ್ಡದು ತಗೊಳ್ಳಿ, ಇಳಿಜಾರಲ್ಲಿ ಬೆರಳು ತುದಿಗೆ ಬಡಿದು ಉಗುರು ಕಪ್ಪಾಗುತ್ತೆ. ಉಗುರು ಎರಡು ದಿನ ಮುಂಚೆ ಕತ್ತರಿಸಿ. ಎರಡೂ ಕೈಗೆ ಕೋಲು, ಇಳಿಯೋವಾಗ 5 ಸೆಂಟಿಮೀಟರ್ ಉದ್ದ ಮಾಡಿ. ಪಾದದಲ್ಲಿ ಉರಿ ಅನ್ನಿಸಿದ ತಕ್ಷಣ ನಿಂತು ಟೇಪ್ ಹಾಕಿ, ಬೊಬ್ಬೆ ಎದ್ದ ಮೇಲೆ ಹಾಕಿ ಪ್ರಯೋಜನ ಇಲ್ಲ. ನೀರು ಸೇರಿ ಬ್ಯಾಗು 12 ಕೇಜಿ ದಾಟಬಾರದು, ಭಾವನದು 8.

ಕ್ಯಾನ್ಯನ್ ಹತ್ತಿ ಬಂದ ಮೇಲೆ ಒಂದು ದಿನ ಸುಧಾರಿಸ್ಕೊಂಡು ನ್ಯಾರೋಸ್‌ಗೆ ಹೋಗಿ. ಪರ್ಮಿಟ್ ರಗಳೆ ಬೇಡ ಅಂದ್ರೆ ಟೆಂಪಲ್ ಆಫ್ ಸಿನವಾವ ಅನ್ನೋ ಶಟಲ್ ಬಸ್ ಸ್ಟಾಪಿಂದ ನದಿಯೊಳಗೇ ಮೇಲಕ್ಕೆ ನಡೆದು ವಾಪಸ್ ಬನ್ನಿ, ಬಿಗ್ ಸ್ಪ್ರಿಂಗ್ ಅನ್ನೋ ಒರತೆ ತನಕ ಬಿಡ್ತಾರೆ. ನೀರು ಕೊರೆಯುತ್ತೆ, ಸ್ಪ್ರಿಂಗ್‌ಡೇಲ್ ಊರಲ್ಲಿ ನಿಯೋಪ್ರಿನ್ ಕಾಲುಚೀಲ, ಶೂ, ಮರದ ಕೋಲು ಬಾಡಿಗೆಗೆ ಸಿಗುತ್ತೆ. ಅವತ್ತಿನ ಫ್ಲ್ಯಾಶ್ ಫ್ಲಡ್, ಅಂದ್ರೆ ದಿಢೀರ್ ಪ್ರವಾಹದ ಮುನ್ಸೂಚನೆ ನೋಡದೆ ಇಳೀಬೇಡಿ. ‘ಪ್ರಾಬಬಲ್’ ಅಥವಾ ‘ಎಕ್ಸ್‌ಪೆಕ್ಟೆಡ್’ ಅಂತ ಇದ್ರೆ ಹೋಗೋದೇ ಬೇಡ. ನೀವಿರೋ ಕಡೆ ಮಳೆ ಬರಬೇಕು ಅಂತಿಲ್ಲ. 1997ರ ಆಗಸ್ಟಲ್ಲಿ ಅರಿಝೋನದ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ 11 ಜನ ಸತ್ತಾಗ ಮಳೆ ಬಿದ್ದದ್ದು ಮೈಲಿಗಟ್ಟಲೆ ದೂರದಲ್ಲಿ. ತಿಳಿನೀರು ದಿಢೀರಂತ ಕದಡಿದ್ರೆ, ಕಡ್ಡಿ-ಎಲೆ ತೇಲಿ ಬರೋಕೆ ಶುರುವಾದ್ರೆ, ಬ್ಯಾಗು ಬಿಟ್ಟಾದ್ರೂ ಎತ್ತರದ ಜಾಗ ಹತ್ತಿಬಿಡಿ. ನದಿ ಗುಂಟ ಕೆಳಕ್ಕೆ ಓಡಬೇಡಿ. ನ್ಯಾರೋಸ್ ನದಿ ನೀರಲ್ಲಿ ವಿಷ ಬಿಡೋ ಪಾಚಿ ಕಂಡುಬಂದಿದೆ, ಫಿಲ್ಟರ್ ಮಾಡಿಯೂ ಕುಡೀಬೇಡಿ, ನೀರು ಹೊತ್ತುಕೊಂಡೇ ಹೋಗಿ. ಒಳಗೆ ಟಾಯ್ಲೆಟ್ ಇಲ್ಲ, ಮಲ ತುಂಬಿ ವಾಪಸ್ ತರೋ ಚೀಲ ತಲೆಗೊಂದು ಇರಲಿ.

ಇನ್ನೊಂದು, ಜಯಾನ್ ಇರೋದು ಯೂಟಾದಲ್ಲಿ. ಅಕ್ಟೋಬರಲ್ಲಿ ಅಲ್ಲಿನ ಗಡಿಯಾರ ಅರಿಝೋನಕ್ಕಿಂತ ಒಂದು ಗಂಟೆ ಮುಂದೆ, ಗಡಿ ಹತ್ರ ಫೋನು ಎರಡೂ ತೋರಿಸುತ್ತೆ. ಶಟಲ್ ಬಸ್ ಸಮಯ ಯೂಟಾ ಲೆಕ್ಕದಲ್ಲೇ ಬರೆದಿಟ್ಟುಕೋ. ಭಾವನ ಮಾತ್ರೆ ಚೀಟಿ ಫೋಟೋ ತೆಗೆದು ನನಗೊಂದು ಕಳಿಸು, ಡಾಕ್ಟರ್ ಹತ್ರ ಕೇಳಬೇಕಾದ್ದನ್ನ ಬರೆದುಕೊಡ್ತೀನಿ.