ಲಾಜಿಕ್ ಇನ್ವರ್ಟರ್ ಐಸಿಯಲ್ಲಿ ವೋಲ್ಟೇಜ್‌ಗೆ ತಕ್ಕಂತೆ ಸ್ವರ ಬದಲಿಸುವುದು ಹೇಗೆ? ಮಾಡಿದವರು ಹೇಳಿ

ಕೊಪ್ಪಳದಿಂದ ಕೇಳುತ್ತಿದ್ದೇನೆ, ಡಿಪ್ಲೊಮಾ ವಿದ್ಯಾರ್ಥಿ. ನಮ್ಮೂರ ಶಾಲೆ ಮಕ್ಕಳು ತೊಗಲುಗೊಂಬೆ ಆಟ ಆಡಿಸುತ್ತಿದ್ದಾರೆ, ಅದಕ್ಕೆ ಬಾಣ ಹಾರುವ ಸದ್ದು ಬೇಕು. ಸಿಡಿ40106 ಐಸಿಗೆ (ಒಳಗೆ ಬಂದದ್ದನ್ನು ತಲೆಕೆಳಗು ಮಾಡಿ ಕೊಡುವ ಇನ್ವರ್ಟರ್‌ಗಳ ಚಿಪ್) ಒಂದು ರೆಸಿಸ್ಟರ್, ಒಂದು ಕೆಪ್ಯಾಸಿಟರ್ ಹಾಕಿದೆ, ಚೆನ್ನಾಗಿ ಕೂಗುತ್ತದೆ. ಆದರೆ ಇನ್‌ಪುಟ್‌ಗೆ ವೋಲ್ಟೇಜ್ ಕೊಟ್ಟ ತಕ್ಷಣ ನಿಂತುಹೋಗುತ್ತದೆ. ಯಾಕೆ?

ಬಳ್ಳಾರಿಯಿಂದ: ತಮ್ಮಾ, ಕೆಪ್ಯಾಸಿಟರ್ ತುಂಬಿ ಖಾಲಿಯಾಗುವುದು ಆ ಇನ್‌ಪುಟ್‌ನಲ್ಲೇ ಅಲ್ವಾ? ಅಲ್ಲಿ ನೇರವಾಗಿ ವೋಲ್ಟೇಜ್ ಕೊಟ್ಟರೆ ಅದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹೀಗೆ ಮಾಡು. ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಬಂದಿರುವ ರೆಸಿಸ್ಟರ್ ತೆಗೆದುಬಿಡು, ಆ ಜಾಗಕ್ಕೆ 1ಎನ್4148 ಡಯೋಡ್ ಹಾಕು, ಪಟ್ಟಿ ಇರುವ ಕಡೆ ಔಟ್‌ಪುಟ್‌ಗೆ. ಇನ್‌ಪುಟ್‌ನಿಂದ ಗ್ರೌಂಡ್‌ಗೆ 103 ಕೆಪ್ಯಾಸಿಟರ್ (ಅಂದರೆ 0.01 ಮೈಕ್ರೋಫ್ಯಾರಡ್). ನಿನ್ನ ವೋಲ್ಟೇಜ್ 100 ಕಿಲೋ ಓಮ್ ಮೂಲಕ ಒಳಗೆ ಬರಲಿ. ಸಪ್ಲೈ 5 ವೋಲ್ಟ್ ಇದ್ದರೆ ಕೆಪ್ಯಾಸಿಟರ್ ಸುಮಾರು 2.9ರ ತನಕ ಏರುತ್ತದೆ. ಆಗ ಔಟ್‌ಪುಟ್ ಕೆಳಗೆ ಬಿದ್ದು, ಡಯೋಡ್ ಅದನ್ನು ಸರ್ರನೆ 1.9ಕ್ಕೆ ಎಳೆಯುತ್ತದೆ. ಮತ್ತೆ ತುಂಬುತ್ತದೆ. 5 ವೋಲ್ಟ್ ಕೊಟ್ಟರೆ ಸುಮಾರು 2500 ಹರ್ಟ್ಸ್, 3.5 ಕೊಟ್ಟರೆ 1000ದ ಆಸುಪಾಸು. ಐಸಿಯಿಂದ ಐಸಿಗೆ ವ್ಯತ್ಯಾಸ ಜಾಸ್ತಿ, ಲೆಕ್ಕಕ್ಕೆ ಸರಿಯಾಗಿ ಬರಲಿಲ್ಲ ಅಂತ ಹೆದರಬೇಡ. 3 ವೋಲ್ಟ್‌ಗಿಂತ ಕೆಳಗೆ ಹೋದರೆ ನಿಲ್ಲುತ್ತದೆ. ಪಲ್ಸ್ ತುಂಬಾ ತೆಳು, ಸದ್ದು ಸಣ್ಣಗೆ ಕೀರಲಾಗಿರುತ್ತದೆ. ಮುಂದೆ ಸಿಡಿ4013 (ಫ್ಲಿಪ್‌ಫ್ಲಾಪ್ ಐಸಿ) ಹಾಕಿ ಹರ್ಟ್ಸ್ ಅನ್ನು ಎರಡರಿಂದ ಭಾಗಿಸಿದರೆ ಸ್ವರ ತುಂಬಿ ಬರುತ್ತದೆ.

ರಾಯಚೂರಿನಿಂದ: ಮೇಲಿನ ಸರ್ಕ್ಯೂಟ್ ಬಾಣಕ್ಕೆ ಸಾಕು. ಮುಂದೆ ಹಾಡು ನುಡಿಸುವ ಆಸೆ ಇದ್ದರೆ ಮಾತ್ರ ರೆಸಿಸ್ಟರ್ ಬದಲು ಟ್ರಾನ್ಸಿಸ್ಟರ್ ಬೇಕಾಗುತ್ತದೆ. ಅದರ ಬೇಸ್‌ನಲ್ಲಿ ಸುಮಾರು 18 ಮಿಲಿವೋಲ್ಟ್ ಏರಿದರೆ ಸ್ವರ ಒಂದು ಸಪ್ತಕ ಮೇಲೆ ಹೋಗುತ್ತದೆ. ಅಷ್ಟು ಸೂಕ್ಷ್ಮ. ಮೇ ತಿಂಗಳಲ್ಲಿ ಬೆಳಗ್ಗೆ ಆರಕ್ಕೆ ಷಡ್ಜಕ್ಕೆ ಕೂರಿಸಿ, ಮಧ್ಯಾಹ್ನ ತಗಡಿನ ಸೂರಿನ ಕೆಳಗೆ ನುಡಿಸಿದರೆ ಅದು ಎಲ್ಲೋ ಹೋಗಿತ್ತು. ತಪ್ಪು ವೈರಿಂಗ್‌ನಲ್ಲಿದೆ ಅಂತ ಎರಡು ದಿನ ಹುಡುಕಿದೆ. ಕೊನೆಗೆ ಟ್ರಾನ್ಸಿಸ್ಟರ್ ಮೇಲೆ ಸುಮ್ನೆ ಬೆರಳಿಟ್ಟೆ. ಬೆರಳಿನ ಬಿಸಿಗೇ ಸ್ವರ ಮೆಲ್ಲಗೆ ಮೇಲೆ ಜಾರಿತು, ತೆಗೆದರೆ ಇಳಿಯಿತು. ಆಮೇಲೆ ಒಂದೇ ಥರದ ಎರಡು ಟ್ರಾನ್ಸಿಸ್ಟರ್ ಬೆನ್ನಿಗೆ ಬೆನ್ನು ಅಂಟಿಸಿದೆ, ಎರಡಕ್ಕೂ ಒಂದೇ ಬಿಸಿ ತಾಗಿ ಒಂದರ ಏರಿಳಿತವನ್ನು ಇನ್ನೊಂದು ಸರಿದೂಗಿಸುವ ಹಾಗೆ; ಬಹಳ ಸುಧಾರಿಸಿತು. ಸಪ್ಲೈ ಅಲುಗಾಡಿದರೂ ಸ್ವರ ಅಲುಗುತ್ತದೆ, 7805 (5 ವೋಲ್ಟ್ ಸ್ಥಿರವಾಗಿ ಕೊಡುವ ರೆಗ್ಯುಲೇಟರ್) ಹಾಕದೆ ಬಿಡಬೇಡಿ.

ಸಿಂಧನೂರಿನಿಂದ: ಒಂದು ಮಾತು ಬಿಟ್ಟುಹೋಯಿತು. ಐಸಿಯೊಳಗೆ ಇನ್ವರ್ಟರ್ ಆರು ಇವೆ. ಉಳಿದ ಐದರ ಇನ್‌ಪುಟ್ ಖಾಲಿ ಬಿಡಬೇಡಿ, ಗ್ರೌಂಡ್‌ಗೆ ಕಟ್ಟಿ. ನಾನು ಬಿಟ್ಟಿದ್ದೆ, ಕೈ ಹತ್ತಿರ ತಂದರೆ ಸಾಕು, ಸದ್ದು ಒಡೆಯುತ್ತಿತ್ತು. 14 ಮತ್ತು 7ನೇ ಪಿನ್ ನಡುವೆ, ಐಸಿಗೆ ಒತ್ತಿಕೊಂಡೇ, ಒಂದು 104 ಕೆಪ್ಯಾಸಿಟರ್ (0.1 ಮೈಕ್ರೋಫ್ಯಾರಡ್) ಇರಲಿ. ಅಂಗಡಿಯಲ್ಲಿ 40106 ಇಲ್ಲ ಅಂದರೆ 74ಎಚ್‌ಸಿ14 ತನ್ನಿ, ಪಿನ್ ಎಲ್ಲ ಅವೇ. ಅದಕ್ಕೆ 6 ವೋಲ್ಟ್ ಮೇಲೆ ಮಾತ್ರ ಕೊಡಬೇಡಿ. 4069 ಕೊಟ್ಟರೆ ವಾಪಸ್ ಮಾಡಿ, ಅದರಲ್ಲಿ ಶ್ಮಿಟ್ ಟ್ರಿಗರ್ (ಏರುವಾಗ ಒಂದು ವೋಲ್ಟೇಜ್‌ನಲ್ಲಿ, ಇಳಿಯುವಾಗ ಇನ್ನೊಂದರಲ್ಲಿ ತಿರುಗುವ ಗುಣ) ಇಲ್ಲ, ಈ ಸರ್ಕ್ಯೂಟ್ ಓಡುವುದಿಲ್ಲ.

ಕೊಪ್ಪಳದಿಂದ ಮತ್ತೆ: ಓಡಿತು ಅಣ್ಣಾ! ಮೊದಲು ಡಯೋಡ್ ತಿರುಗುಮುರುಗಾಗಿತ್ತು. ಈಗ 100 ಕಿಲೋ ಓಮ್‌ನ ಹೊರತುದಿಗೆ 10 ಮೈಕ್ರೋಫ್ಯಾರಡ್ ಕಟ್ಟಿ, ಒಂದು ಬಟನ್‌ನಿಂದ ಅದನ್ನು 5 ವೋಲ್ಟ್‌ಗೆ ತುಂಬಿಸುತ್ತೇನೆ. ಬಟನ್ ಬಿಟ್ಟರೆ ಸ್ವರ ಒಂದೂವರೆ ಸೆಕೆಂಡ್ ಇಳಿಯುತ್ತಾ ಹೋಗಿ, 3 ವೋಲ್ಟ್ ಹತ್ತಿರ ತಾನೇ ನಿಲ್ಲುತ್ತದೆ. ಪರದೆ ಮೇಲೆ ಬಾಣ ನಾಟುವುದೂ ಅಲ್ಲಿಗೇ.